ಪೀಠವಾಗಿ ಉಳಿದ ಶಾಸನ

ಅತನೂರ, ಅಫಜಲಪುರ ಕಡೆಯವರಿಗೆ ಭೀಮಾತೀರದ ಗುಡಿ ಎಂದರೆ ಮೊದಲು ನೆನಪಾಗುವುದು ಗಾಣಗಾಪುರ, ಘತ್ತರಗಿ. ಅದೇ ಹೊಳೆಯ ಗುಂಟ ಕೆಳಕ್ಕೆ ಬಂದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಸಿಗುತ್ತದೆ.

ಊರು ದಾಟಿ ಚಂದ್ರಲಾಂಬೆಯ ಗುಡಿಯ ಆವರಣ ಹೊಕ್ಕೆ. ಉಡಿ ತುಂಬಲು ಬಂದವರು, ಕಾಯಿ ಒಡೆಯುವ ಸದ್ದು, ಕುಂಕುಮ ಹತ್ತಿದ ಕಂಬಗಳು. ದರ್ಶನ ಮುಗಿಸಿ ಕಾಳಿಕಾದೇವಿಯ ಗುಡಿಯ ಕಡೆ ತಿರುಗಿದೆ. ಬಂದದ್ದೇ ಅದನ್ನು ನೋಡಲು.

1986ರಲ್ಲಿ ಈ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಬಿದ್ದದ್ದನ್ನು ತೆಗೆಯುವಾಗ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಓದಿದವರು ಅದು ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನ ಎಂದರು. ಆ ಚಪ್ಪಡಿಯ ಮುಂದೆ ಬಹಳ ಹೊತ್ತು ನಿಂತೆ. ಮೂರ್ತಿ ಕೂರಿಸಲು ನಡುವೆ ಕೊರೆದ ತೂತಿನಲ್ಲಿ ಒಂದಷ್ಟು ಸಾಲು ಹೋಗಿಬಿಟ್ಟಿವೆ. ಎರಡೂ ಮಗ್ಗುಲಿಗೆ ಬರಹವಿದೆ; ಹಾಗಾದರೆ ಮೊದಲು ಇದು ನಿಲ್ಲಿಸಿದ್ದ ಕಲ್ಲೇ ಇರಬೇಕು. ಅದನ್ನು ಮಲಗಿಸಿ ದೇವಿಗೆ ಪೀಠ ಮಾಡಿದವರು ಯಾರು, ಯಾವ ಕಾಲದವರು ಎನ್ನುವುದಕ್ಕೆ ಖಚಿತ ಉತ್ತರವಿಲ್ಲ.

ಇದರಲ್ಲಿರುವುದು ಅಶೋಕನ ಬಂಡೆಗಲ್ಲು ಶಾಸನಗಳ ಪೈಕಿ 12 ಮತ್ತು 14ನೆಯವು, ಜೊತೆಗೆ ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. 12ನೆಯದು ಪರರ ಮತವನ್ನೂ ಗೌರವಿಸಿ ಎಂದು ಹೇಳುತ್ತದೆ. ಅಂಥ ಕಲ್ಲಿನ ಮೇಲೆ ದೇವಿ ಕೂತದ್ದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅಕ್ಷರ ಓದಲಾಗದ ಜನ ಅದನ್ನು ಮನೆಯ ಹೊಸ್ತಿಲಿಗೆ, ಬಾವಿಯ ಕಟ್ಟೆಗೆ ಒಡೆದು ಒಯ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಪೂಜೆಗೆ ಸೇರಿದ್ದೇ ಅದನ್ನು ಕಾಯಿತು ಎಂದು ನಾನು ನಂಬುತ್ತೇನೆ.

ಹೊಳೆಯ ದಂಡೆಗೆ ಇಳಿದು ಕಾಲು ತೊಳೆದುಕೊಂಡು ಕನಗನಹಳ್ಳಿಯ ಕಡೆ ಹೊರಟೆ. ಅಲ್ಲಿಯದು ಬೇರೆಯೇ ಕಥೆ. ಬೌದ್ಧರ ದೊಡ್ಡ ಸ್ತೂಪ ಬಿದ್ದು ಮಣ್ಣಿನ ದಿಬ್ಬವಾಗಿತ್ತು. 1990ರ ದಶಕದ ಉತ್ಖನನದಲ್ಲಿ ಹೊರಬಂತು. ಸುಣ್ಣಕಲ್ಲಿನ ಹಲಗೆಗಳ ಮೇಲೆ ಬುದ್ಧನ ಕಥೆಗಳಿವೆ, ಶಾತವಾಹನ ಅರಸರಿದ್ದಾರೆ. ಒಂದರಲ್ಲಿ ರಾಣಿಯೊಂದಿಗೆ ನಿಂತ ಅರಸ, ಪಕ್ಕದಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. ಹೆಸರು ಕೆತ್ತಿದ ಅಶೋಕನ ಚಿತ್ರ ಸಿಕ್ಕಿದ್ದು ಇಲ್ಲಿಯೇ.

ಸನ್ನತಿಗೆ ಹರಕೆ ಹೊತ್ತು ಬರುವವರು ದರ್ಶನ ಮುಗಿಸಿ ಹಾಗೇ ತಿರುಗಬೇಡಿ. ಮಕ್ಕಳನ್ನು ಕರೆದುಕೊಂಡು ಕನಗನಹಳ್ಳಿಗೂ ಹೋಗಿ ಬನ್ನಿ. ನಡುವಿನ ದಾರಿ ಸುಮಾರು 3 ಕಿಲೋಮೀಟರ್ ಅಷ್ಟೇ.