ಊರ ಶಾಲೆಯ ಫಲಿತಾಂಶವನ್ನು ಓದುವ ಬಗೆ

ವರ್ಷಾಂತ್ಯದ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಊರ ಕಟ್ಟೆಯ ಮೇಲೆ ಅದರದೇ ಮಾತು. "ಹೋದ ವರ್ಷ ನೂರಕ್ಕೆ ನೂರು ಇತ್ತು, ಈ ವರ್ಷ ಎಪ್ಪತ್ತೈದಕ್ಕೆ ಇಳಿಯಿತು; ಮಾಸ್ತರರು ಪಾಠ ಹೇಳುವುದಿಲ್ಲ" ಎಂದು ಒಬ್ಬರು ತೀರ್ಪು ಕೊಡುತ್ತಾರೆ. ನಾಲ್ಕಾರು ಮನೆಯವರು ಮಕ್ಕಳನ್ನು ಪಕ್ಕದ ದೊಡ್ಡ ಊರಿನ ಶಾಲೆಯ ವ್ಯಾನಿಗೆ ಹತ್ತಿಸುವ ಯೋಚನೆಯನ್ನೂ ಮಾಡುತ್ತಾರೆ. ರೈತ ಬಾಂಧವರು ಹಾಗೆ ಮಾಡುವ ಮುನ್ನ ಆ ಅಂಕಿಯೊಳಗೆ ಏನಿದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಏಳನೆಯ ತರಗತಿಯಲ್ಲಿ 8 ಮಕ್ಕಳಿದ್ದಾರೆ ಎನ್ನೋಣ. ಅಲ್ಲಿ ಒಂದು ಮಗುವೆಂದರೆ ನೂರಕ್ಕೆ ಹನ್ನೆರಡೂವರೆ. ಇಬ್ಬರು ಹಿಂದುಳಿದರೆ ಶಾಲೆಯ ಅಂಕಿ 75 ಆಗಿಬಿಡುತ್ತದೆ. 40 ಮಕ್ಕಳ ತರಗತಿಯಲ್ಲಿ ಅಷ್ಟೇ ಮಂದಿ ಹಿಂದುಳಿದರೂ ಅಂಕಿ 95! ಒಂದು ವರ್ಷದ ಮಳೆಯನ್ನು ಕಂಡು ಯಾರೂ ಹೊಲ ಮಾರುವುದಿಲ್ಲವಷ್ಟೆ. ಸಣ್ಣ ಶಾಲೆಯದನ್ನೂ ಮೂರು ವರ್ಷಗಳ ಮಕ್ಕಳನ್ನು ಒಟ್ಟಿಗೆ ಎಣಿಸಿಯೇ ತೂಗಬೇಕು.

ಇನ್ನು, ಶಾಲೆಗೆ ಬರುವ ಮಕ್ಕಳು ಯಾರು? ಯಾದಗಿರಿ ಜಿಲ್ಲೆಯನ್ನು ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಅಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 52 ಮಂದಿ. ಹೆಂಗಸರಲ್ಲಿ ಸುಮಾರು 41. ರಾಜ್ಯದ ಲೆಕ್ಕ 75ಕ್ಕೆ ಮೇಲಿತ್ತು. ಅಂಥ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಪುಸ್ತಕ ಬಿಡಿಸಿ ಹೇಳುವವರಿರುವುದಿಲ್ಲ. ಉಳ್ಳವರ ಮಕ್ಕಳು ವ್ಯಾನು ಹತ್ತಿದ ಮೇಲೆ ಊರ ಶಾಲೆಯಲ್ಲಿ ಉಳಿಯುವವರು ಕೂಲಿಕಾರರ ಮಕ್ಕಳು, ಮತ್ತು ಅಣ್ಣತಮ್ಮಂದಿರನ್ನು ಫೀಜು ಕೊಟ್ಟು ಹೊರಗೆ ಕಳುಹಿಸಿದ ಮನೆಯ ಹೆಣ್ಣುಮಕ್ಕಳು. (ಇದು ನಮ್ಮಲ್ಲಿ ಇಲ್ಲವೆಂದು ಹೇಳುವ ಊರು ಅಪರೂಪ.) ಆಮೇಲೆ ಎರಡು ಶಾಲೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಕಾಲುವೆ ನೀರಿನ ಗದ್ದೆಯ ಇಳುವರಿಯನ್ನು ಮಳೆಯಾಶ್ರಿತ ಹೊಲದ ಇಳುವರಿಯೊಡನೆ ಹೋಲಿಸಿದಂತೆ.

ಎಲ್ಲಕ್ಕಿಂತ ಮುಖ್ಯವಾದುದು ಹಾಜರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಶಾಲೆ ನಡೆದರೂ ಮಗು ಬಾರದಿದ್ದರೆ? ಹತ್ತಿ ಬಿಡಿಸುವ ಕಾಲದಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗುವುದು ಎಲ್ಲರಿಗೂ ಗೊತ್ತು. ಸುಗ್ಗಿಯ ನಂತರ ತಂದೆತಾಯಿ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಟರೆ ಮಗುವೂ ಹೊರಟಿತು. ಕನ್ನಡದ ಒಂದು ಪಾಠ ತಪ್ಪಿದರೆ ಮುಂದಿನದನ್ನು ಹೇಗೋ ಓದಬಹುದು, ಲೆಕ್ಕದಲ್ಲಿ ಹಾಗಾಗದು. ಭಿನ್ನರಾಶಿ ತಪ್ಪಿದ ಮಗುವಿಗೆ ಶೇಕಡಾ ತಿಳಿಯದು, ಶೇಕಡಾ ತಿಳಿಯದಿದ್ದರೆ ಬಡ್ಡಿಯ ಲೆಕ್ಕ ಬಾರದು. ಹೀಗೆ ಕೂಲಿಯ ಎರಡು ತಿಂಗಳು ಎರಡು ವರ್ಷದ ಕಲಿಕೆಯನ್ನು ಕೆಡಿಸುವುದುಂಟು.

ಇದಕ್ಕೆ ಕಾಯಿದೆಯಲ್ಲಿಯೇ ಕೆಲವು ಅನುಕೂಲಗಳಿವೆ. ವಲಸೆ ಹೋದ ಊರಿನ ಸರ್ಕಾರಿ ಶಾಲೆಯು ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಹಿಂದೆ ಕಳುಹಿಸುವಂತಿಲ್ಲ. ಶಾಲೆ ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಸರಿಸಮನಾಗಲು ವಿಶೇಷ ಪಾಠ ಹೇಳಬೇಕು. ಮೇಲಿನ ಮೂರು ತರಗತಿಗಳಿಗೆ ತರಗತಿಗೊಬ್ಬರಂತಾದರೂ ಶಿಕ್ಷಕರಿರಬೇಕು. ಗಣಿತ-ವಿಜ್ಞಾನ, ಸಮಾಜ, ಭಾಷೆ ಇವುಗಳಿಗೆ ಒಬ್ಬೊಬ್ಬರು ಬೇಕು. ಆದರೆ ಮಕ್ಕಳ ಸಂಖ್ಯೆ ಕುಗ್ಗುತ್ತ ಹೋದರೆ ಶಿಕ್ಷಕರನ್ನು "ಹೆಚ್ಚುವರಿ" ಎಂದು ಬೇರೆ ಶಾಲೆಗೆ ಕಳುಹಿಸುವ ಪ್ರಸಂಗ ಬರುತ್ತದೆ. ವ್ಯಾನು ಹತ್ತಿದ ಪ್ರತಿ ಮಗುವಿನಿಂದ ಉಳಿದ ಮಕ್ಕಳ ಪಾಠಕ್ಕೂ ಪೆಟ್ಟು ಬೀಳುವುದು ಹೀಗೆ.

ಮಾಸ್ತರರು ಸರಿಯಾಗಿ ಬರುತ್ತಿಲ್ಲವಾದರೆ ಕೇಳಲೇಬೇಕು. ಅದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಕಾಯಿದೆಯು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೂ ಅರ್ಧದಷ್ಟು ಹೆಂಗಸರೂ ಇರಬೇಕೆನ್ನುತ್ತದೆ. ಮುಂದಿನ ಸಭೆಯಲ್ಲಿ ಶೇಕಡಾ ಎಷ್ಟೆಂದು ಕೇಳುವುದರ ಜೊತೆಗೆ ಹಾಜರಿ ಪುಸ್ತಕವನ್ನು ತರಿಸಿಕೊಳ್ಳಿ. ತಿಂಗಳುವಾರು, ಗಂಡು ಹೆಣ್ಣು ಬೇರೆ ಬೇರೆಯಾಗಿ, ಮಕ್ಕಳೊಡನೆ ಶಿಕ್ಷಕರದನ್ನೂ ಓದಿಸಿರಿ. ಯಾವ ತಿಂಗಳಲ್ಲಿ ಯಾವ ಮನೆಯ ಮಗು ಕಾಣೆಯಾಯಿತೆಂಬುದು ಅಲ್ಲಿಯೇ ತಿಳಿಯುತ್ತದೆ. ಆ ಮಗು ಯಾರ ಹೊಲದಲ್ಲಿ ಹತ್ತಿ ಬಿಡಿಸುತ್ತಿತ್ತೆಂಬುದೂ ಸಭೆಯಲ್ಲಿ ಕುಳಿತವರಿಗೆ ಗೊತ್ತಿರುತ್ತದೆ.