ಎತ್ತಿನ ಹೆಗಲಿನೊಳಗೆ ಏನಿದೆ?

ಮುಂಗಾರು ಹದವಾಗಿ ಬಿತ್ತನೆಗೆ ನಿಂತ ವಾರದಲ್ಲಿಯೇ ಎತ್ತಿನ ಹೆಗಲು ಬಾತರೆ ರೈತನ ಕೈಕಟ್ಟಿದಂತೆಯೇ ಸರಿ. ಊರಿಗೆ ಟ್ರ್ಯಾಕ್ಟರು ಬಂದಿದ್ದರೂ ಕೂರಿಗೆಗೆ, ಎಡೆಕುಂಟೆಗೆ ಎತ್ತು ಬೇಕೆನ್ನುವವರು ಇನ್ನೂ ಬಹಳ ಮಂದಿ. ಹೆಗಲು ಬಾತರೆ ಕೆಲವರು ದೃಷ್ಟಿ ತಗುಲಿತೆನ್ನುತ್ತಾರೆ, ಕೆಲವರು ಬರೆ ಹಾಕಿಸುತ್ತಾರೆ. ಬರೆಯಿಂದ ಆಗುವುದು ಇನ್ನೊಂದು ಗಾಯ ಮಾತ್ರ. ಆ ಚರ್ಮದ ಕೆಳಗೆ ಏನಿದೆಯೆಂದು ತಿಳಿದರೆ ಬಾವಿನ ಕಾರಣ ತಾನಾಗಿಯೇ ಹೊಳೆಯುವುದು.

ಎತ್ತಿನ ಕುತ್ತಿಗೆಯಲ್ಲಿ 7 ಮೂಳೆಗಳಿವೆ. ನಮ್ಮ ಕುತ್ತಿಗೆಯಲ್ಲಿಯೂ ಏಳೇ! ಆದರೆ ನೊಗ ಕೂರುವ ಜಾಗದಲ್ಲಿ ಈ ಮೂಳೆಗಳು ಆಳದಲ್ಲಿರುತ್ತವೆ. ಅವುಗಳ ಮೇಲೆ, ಬೆನ್ನಿನ ಮುಂಭಾಗದಿಂದ ತಲೆಬುರುಡೆಯ ಹಿಂಬದಿಯವರೆಗೆ, ಹಳದಿ ಬಣ್ಣದ ದಪ್ಪ ನಾರಿನ ಪಟ್ಟಿಯೊಂದು ಹಾದುಹೋಗಿದೆ. ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕೊಂಬು ಸಮೇತ ಅಷ್ಟು ಭಾರದ ತಲೆಯನ್ನು ಎತ್ತು ದಿನವೆಲ್ಲಾ ದಣಿಯದೆ ಹೊತ್ತಿರುವುದು ಈ ಪಟ್ಟಿಯ ಬಲದಿಂದ. ಅದರ ಎರಡೂ ಪಕ್ಕದಲ್ಲಿ ಮಾಂಸಖಂಡಗಳು, ಮೇಲೆ ಚರ್ಮ.

ಹಿಣಿಲು ಬರಿಯ ಕೊಬ್ಬಿನ ಗಡ್ಡೆಯೆಂದು ಹಲವರ ಎಣಿಕೆ. ಅದು ಕೊಬ್ಬು ಬೆರೆತ ಮಾಂಸಖಂಡ. ನೊಗ ಹಿಂದಕ್ಕೆ ಜಾರದಂತೆ ತಡೆಯುವುದೂ ಅದೇ. ಹಳ್ಳಿಕಾರ್, ಅಮೃತಮಹಲ್ ಎತ್ತುಗಳಿಗೆ ಈ ಅನುಕೂಲ ಹುಟ್ಟಿನಿಂದಲೇ ಉಂಟು. ಸೀಮೆ ತಳಿಯ ಮಿಶ್ರ ಹೋರಿಗಳಿಗೆ ಹಿಣಿಲು ಚಿಕ್ಕದು; ನೊಗ ನೆಲೆಯಾಗಿ ನಿಲ್ಲದೆ ಉಜ್ಜುತ್ತದೆ.

ಇನ್ನು ಮುಖ್ಯವಾದ ಸಂಗತಿ. ನಮಗಿರುವಂತೆ ದನಗಳಿಗೆ ಕತ್ತಿನ ಕೆಳಗೆ ಅಡ್ಡೆಲುಬು ಇಲ್ಲ. ಮುಂಗಾಲುಗಳು ಮೈಗೆ ಅಂಟಿಕೊಂಡಿರುವುದು ಮಾಂಸಖಂಡಗಳಿಂದ ಮಾತ್ರ. ಆದ್ದರಿಂದ ಪ್ರತಿ ಹೆಜ್ಜೆಗೂ ಹೆಗಲಿನ ಮಾಂಸಖಂಡ ಅಲುಗಾಡುತ್ತದೆ. ಮೇಲೆ ಅಲುಗದ ಮರ, ಕೆಳಗೆ ಅಲುಗುವ ಮಾಂಸ, ನಡುವೆ ಚರ್ಮ. ಕಾಳು ಬೀಸುವ ಕಲ್ಲನ್ನು ನೆನೆಸಿಕೊಂಡರೆ ಸಾಕು. ನೊಗ ಒರಟಾಗಿದ್ದರೆ, ಜೋಡಿಯಲ್ಲಿ ಒಂದು ಎತ್ತರ ಇನ್ನೊಂದು ಗಿಡ್ಡವಾದರೆ, ಮಳೆಯಲ್ಲಿ ನೆನೆದು ಚರ್ಮ ಮೆತ್ತಗಾಗಿದ್ದರೆ, ಹೊಸ ಹೋರಿಗೆ ಮೊದಲ ದಿನವೇ ಪೂರಾ ಕೆಲಸ ಹಚ್ಚಿದರೆ ಬಾವು ಬೇಗ ಬರುತ್ತದೆ.

ಕೊರಳಿನ ಕೆಳಬದಿಯನ್ನೂ ಮರೆಯಬಾರದು. ಅಲ್ಲಿ ಉಸಿರುನಾಳ, ಅದರ ಎಡಕ್ಕೆ ಅನ್ನನಾಳ, ಪಕ್ಕದ ತಗ್ಗಿನಲ್ಲಿ ದೊಡ್ಡ ರಕ್ತನಾಳ ಇವೆ. ಗಾಡಿಗೆ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಇವುಗಳನ್ನು ಒತ್ತುತ್ತದೆ. ಏರು ಹತ್ತುವಾಗ ಎತ್ತು ಗೊರಗೊರ ಎನ್ನುವುದು ಇದರಿಂದಲೇ ಇರಬಹುದು. ಮೂಕಿಭಾರವಾದರೆ ಹೆಗಲು ಜಜ್ಜುತ್ತದೆ. ಹೇರು ತುಂಬಿದ ಮೇಲೆ, ಎತ್ತು ಹೂಡುವ ಮುನ್ನ, ನೊಗವನ್ನು ಕೈಯಿಂದ ಎತ್ತಿ ನೋಡತಕ್ಕದ್ದು. ಒಬ್ಬ ಆಳಿನ ಕೈಗೆ ಹಗುರವಾಗಿ ಏಳಬೇಕು, ತಾನಾಗಿ ಏಳಬಾರದು.

ಕೆಲಸದ ಹೊತ್ತಿಗೂ ಮಿತಿಯುಂಟು. ಭಾರ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಕೇಂದ್ರ ನಿಯಮಗಳಂತೆ ದಿನಕ್ಕೆ 9 ಗಂಟೆ ಮೀರಬಾರದು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಬಾರದು.

ಸಂಜೆ ನೊಗ ಇಳಿಸಿದ ಕೂಡಲೇ ಹೆಗಲ ಮೇಲೆ ಅಂಗೈ ಇಟ್ಟು ನೋಡಿ. ಪಕ್ಕದ ಮೈಗಿಂತ ಬಿಸಿಯಾಗಿದ್ದರೆ, ಒತ್ತಿದಾಗ ಎತ್ತು ಹಿಂಜರಿದರೆ, ಬಾವು ಶುರುವಾಗಿದೆಯೆಂದು ತಿಳಿಯಿರಿ. ಆಗಲೇ ತಣ್ಣೀರಿನ ಬಟ್ಟೆ ಹಾಕಿ, ನೊಗ ಬಿಡಿಸಿ ಕೆಲವು ದಿನ ಕಟ್ಟಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಅಲಕ್ಷ್ಯ ಮಾಡಿ ಹೂಡುತ್ತಲೇ ಹೋದರೆ ಒಳಗಿನ ಮಾಂಸ ನಾರುಗಟ್ಟಿ ಗಂಟಾಗುತ್ತದೆ. ಆ ಗಂಟು ಮುಲಾಮಿಗೆ ಕರಗದು, ಕೆಲವೊಮ್ಮೆ ಕೊಯ್ದೇ ತೆಗೆಯಬೇಕಾಗುತ್ತದೆ. ಕೀವಾದರೆ, ಹುಳು ಬಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಹೊಡೆದುಕೊಂಡು ಹೋಗಿ. ಗಾಯ ಪೂರ್ತಿ ಮಾಯ್ದು ಚರ್ಮ ಗಟ್ಟಿಯಾಗುವವರೆಗೆ ಹೂಡಬೇಡಿ. ಅಷ್ಟರಲ್ಲಿ ನೊಗದ ಅಡಿಯನ್ನು ಬಡಗಿಯಿಂದ ನುಣ್ಣಗೆ ಹೆರೆಸಿಡಿ.