ಒಂದು ಕಾಲು ಬಿಡಿಸಿ ಅಳೆಯಿರಿ

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೊ ಹಾಡದಿದ್ದರೆ ಮನೆಯವರ ಅನುಮಾನ ಮೊದಲು ವಾಲ್ವುಗಳ ಮೇಲೆಯೇ. ಆದರೆ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ತಯಾರಿಸಿದ ವಾಲ್ವುಗಳಲ್ಲಿ ಇಂದಿಗೂ ಕೆಲಸ ಮಾಡುವಂಥವು ಸಿಗುತ್ತವೆ. ಪಳಗಿದ ರಿಪೇರಿಯವರು ಪೆಟ್ಟಿಗೆ ಮಗುಚಿ, ಅಡಿಯಲ್ಲಿರುವ ಬಣ್ಣದ ಪಟ್ಟಿಯ ರೆಸಿಸ್ಟರುಗಳನ್ನು ನೋಡುತ್ತಾರೆ.

ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಹಳೆಯ ರೆಸಿಸ್ಟರುಗಳು ತೇವ ಹೀರುತ್ತವೆ, ಶಾಖಕ್ಕೆ ಸೊರಗುತ್ತವೆ. ವರ್ಷ ಕಳೆದಂತೆ ಅವುಗಳ ರೋಧ ಸಾಮಾನ್ಯವಾಗಿ ಏರುತ್ತದೆ. ಹಳದಿ, ನೇರಳೆ, ಕಿತ್ತಳೆ ಪಟ್ಟಿಗಳೆಂದರೆ 47 ಕಿಲೋಓಮ್. ನಾಲ್ಕನೆಯದು ಬೆಳ್ಳಿ ಬಣ್ಣವಾದರೆ ಶೇ 10ರಷ್ಟು ಹೆಚ್ಚುಕಡಿಮೆ ಸಲ್ಲುತ್ತದೆ, ಅಂದರೆ 42.3ರಿಂದ 51.7ರವರೆಗೆ.

ಅಳೆಯುವ ಮುನ್ನ ಪ್ಲಗ್ ಕಿತ್ತರಷ್ಟೇ ಸಾಲದು. ಫಿಲ್ಟರ್ ಕೆಪಾಸಿಟರುಗಳಲ್ಲಿ ಉಳಿದ ಚಾರ್ಜ್ ಕೈಗೆ ಹೊಡೆಯಬಲ್ಲದು, ಮೀಟರನ್ನೂ ಕೆಡಿಸಬಲ್ಲದು. ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ವೋಲ್ಟೇಜ್ ಸೊನ್ನೆಯಾಗಿದೆಯೇ ಎಂದು ನೋಡಿದ ಮೇಲೆಯೇ ಮುಂದಿನ ಕೆಲಸ.

ಮಲ್ಟಿಮೀಟರ್ ತನ್ನ ಬ್ಯಾಟರಿಯಿಂದ ಸಣ್ಣ ಕರೆಂಟ್ ಹರಿಸುತ್ತದೆ. ಆ ಕರೆಂಟಿಗೆ ನಾವು ಅಳೆಯುತ್ತಿರುವ ರೆಸಿಸ್ಟರ್ ಒಂದೇ ದಾರಿಯಲ್ಲ. ಪಕ್ಕದ ಕಾಯಿಲ್, ಇನ್ನೊಂದು ರೆಸಿಸ್ಟರ್, ಸೋರುವ ಕೆಪಾಸಿಟರ್ ಎಲ್ಲವೂ ದಾರಿಯೇ. ದಾರಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಆದ್ದರಿಂದ ಚಾರ್ಜ್ ಪೂರ್ತಿ ಖಾಲಿಯಾದ ಸರ್ಕೀಟಿನಲ್ಲಿ 47 ಕಿಲೋಓಮಿನದು 70 ತೋರಿದರೆ ಅದು ಕೆಟ್ಟಿದೆ, ಅನುಮಾನ ಬೇಡ. 30 ತೋರಿದರೆ ಮಾತ್ರ ಏನನ್ನೂ ಹೇಳಲಾಗದು. ಒಂದು ಕಾಲಿನ ಬೆಸುಗೆ ಬಿಡಿಸಿ, ಬಿಸಿ ಆರಿದ ಮೇಲೆ ಮತ್ತೆ ಅಳೆಯಬೇಕು. ಈ ಕಸುಬಿನಲ್ಲಿ ಇದಕ್ಕಿಂತ ಮುಖ್ಯವಾದ ಪಾಠವಿಲ್ಲ.

ಕಪ್ಪಾದ ಕಾಲನ್ನು ಬ್ಲೇಡಿನಿಂದ ಹೊಳಪು ಬರುವವರೆಗೆ ಕೆರೆಯಬೇಕು. ಎರಡೂ ತುದಿಗಳನ್ನು ಬೆರಳಿನಿಂದ ಅದುಮಿ ಹಿಡಿಯುವುದು ಹಲವರ ರೂಢಿ; ಹಾಗೆ ಹಿಡಿದರೆ ಮೈಯೂ ಒಂದು ದಾರಿಯಾಗುತ್ತದೆ. 1 ಮೆಗಾಓಮ್ ರೆಸಿಸ್ಟರನ್ನು ಅಳೆಯುವಾಗ ಮೈಯ ರೋಧವೂ ಅಷ್ಟೇ ಇದ್ದರೆ ಮೀಟರ್ ಅರ್ಧವನ್ನಷ್ಟೇ ತೋರುತ್ತದೆ. ಮೊಸಳೆ ಕ್ಲಿಪ್ ಹಾಕಿ ಕೈ ತೆಗೆಯುವುದೇ ಸರಿ.

ಕೆಲವೇ ಓಮ್‌ಗಳಿರುವ ಕಡೆ ತೊಂದರೆ ಮೀಟರಿನ ವೈರುಗಳದ್ದೇ. ಪ್ರೋಬ್‌ಗಳನ್ನು ಪರಸ್ಪರ ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಬೇಕು. ಮುಳ್ಳಿನ ಮೀಟರಾದರೆ ಗುಂಡಿ ತಿರುಗಿಸಿ ಸೊನ್ನೆಗೆ ತರಬೇಕು. ಇನ್ನೂ ನಿಖರತೆ ಬೇಕಾದವರಿಗೆ ಲಾರ್ಡ್ ಕೆಲ್ವಿನ್ ಹೆಸರಿನ ನಾಲ್ಕು ತಂತಿಯ ವಿಧಾನವಿದೆ: ಎರಡು ತಂತಿ ಕರೆಂಟ್ ಒಯ್ಯುತ್ತವೆ, ಇನ್ನೆರಡು ವೋಲ್ಟೇಜ್ ಅಳೆಯುತ್ತವೆ.

ಕೆಟ್ಟದ್ದಕ್ಕೆ ಬದಲಿ ತರಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವವರು ಓಮ್ ಒಂದನ್ನೇ ಕೇಳಿ ಬರಬೇಡಿ. ವಾಲ್ವ್ ರೇಡಿಯೊದೊಳಗೆ 250 ವೋಲ್ಟ್ ಸಾಮಾನ್ಯ. ವ್ಯಾಟ್ ಮತ್ತು ವೋಲ್ಟೇಜ್ ಮಿತಿಯನ್ನೂ ನೋಡಿಯೇ ಕೊಳ್ಳಿ.